ಮೆಟ್ಟಿಲ ಮೇಲೆ ನಿಂತವಳು

ಕಾರ್ತೀಕ ಮುಗಿಯುತ್ತ ಬಂದಿತ್ತು. ಚಳಿ ಆಗಲೇ ಕೂತಿತ್ತು, ಹೊತ್ತು ನೆತ್ತಿಯಿಂದ ವಾಲಿತ್ತು. ರಾಮನಾಥಪುರದ ಹೊರಗೆ ಪುಟ್ಟರಾಜುವಿನ ಶೆಡ್ಡಿನಲ್ಲಿ ಐದಾರು ಹೆಂಗಸರು ಗೂಡಿನ ಬಿಸಿಯಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಪುಟ್ಟರಾಜುವಿನ ಮಗಳು ಸ್ಪಂದನಾ ಹಾಸನದ ಕಾಲೇಜಿನಿಂದ ಪರೀಕ್ಷೆಯ ರಜಕ್ಕೆ ಬಂದಿದ್ದಳು. ಬಾಯಲ್ಲಿ ಹೇಳಿದರೆ ತಲೆಯಲ್ಲಿ ನಿಲ್ಲುತ್ತದೆಂದು, ಪಾಠಕ್ಕಿದ್ದ ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷರ ದೆವ್ವದ ಕಥೆಯೊಂದನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಹಿಮ ಬೀಳುವ ಊರಲ್ಲಿ ದೊಡ್ಡ ಬಂಗಲೆ. ಸಂಜೆಯಾದರೆ ಮೆಟ್ಟಿಲ ಮೇಲೆ ಒದ್ದೆ ಲಂಗದ ಹೆಂಗಸೊಬ್ಬಳು ಬಂದು ನಿಲ್ಲುತ್ತಾಳೆ. ಏನೂ ಮಾಡುವುದಿಲ್ಲ, ನೋಡುತ್ತಾಳೆ ಅಷ್ಟೆ. ಯಜಮಾನ ದೀಪ ಹೆಚ್ಚಿಸಿದ, ಪಾದ್ರಿಯನ್ನು ಕರೆಸಿದ, ಕಡೆಗೆ ಬಂಗಲೆಗೆ ಬೀಗ ಹಾಕಿಕೊಂಡು ಹೊರಟೇಹೋದ.

"ಕಾಲು ಇಂದುಮುಂದಾಗಿದ್ವಾ?" ಹೆಂಗಸರಲ್ಲೊಬ್ಬಳಾದ ರೂಪಶ್ರೀ ಕೇಳಿದಳು.

"ಲಂಗ ನೆಲ ಮುಟ್ತಿತ್ತು, ಕಾಣ್ತಿರ್ಲಿಲ್ಲ ಕಣಕ್ಕಾ."

"ಅಂಗಾದ್ರೆ ಅರ್ಧ ದೆವ್ವ ಬುಡು."

ಎಲ್ಲರೂ ನಕ್ಕರು. ಎಪ್ಪತ್ತು ದಾಟಿದ ಸಣ್ಣಕ್ಕ ಮಾತ್ರ ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದು ಕೂತಿದ್ದಳು.

"ಅಲ್ಲಾ ಕಣವ್ವಾ, ಅಷ್ಟು ದಿನ ಬಂದು ನಿಂತ್ಲಲ್ಲ, ಏನು ಬೇಕವ್ವಾ ನಿಂಗೆ ಅಂತ ಒಬ್ರಾದ್ರೂ ಕೇಳಿದ್ರಾ?"

ಸ್ಪಂದನಾ ಹಾಳೆ ತಿರುವಿದಳು. "ಇಲ್ಲ ಅಜ್ಜಿ. ಯಾರೂ ಕೇಳಲ್ಲ."

"ಬರ್ದೋನು ಗಟ್ಟಿಗ ಕಣವ್ವಾ. ಮನೆ ತುಂಬ ಜನ ಇಟ್ಟು ಒಬ್ರ ಬಾಯ್ನೂ ಬಿಚ್ಚಿಸ್ನಿಲ್ಲ ನೋಡು. ಅದ್ಕೇ ಎದೆ ಝಲ್ಲನ್ನೋದು."

ಸ್ಪಂದನಾ ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ರಸ್ತೆಯಾಚೆ ಹೊಂಗೆಮರದ ಕೆಳಗೆ ಸುಬ್ಬಮ್ಮ ನಿಂತಿದ್ದಳು. ಸಣ್ಣಕ್ಕನ ಒಡಹುಟ್ಟಿದ ಅಕ್ಕ. ಕಾರ್ತೀಕ ಸೋಮವಾರದ ಪೂಜೆಗೆ ಅರಕಲಗೂಡಿನಿಂದ ಬಂದವಳು ಬಸ್ಸು ಬರುವ ತನಕ ಶೆಡ್ಡಿನ ಕಡೆಗೇ ನೋಡುತ್ತ ನಿಲ್ಲುವುದು ಇದು ನಾಲ್ಕನೆಯ ವಾರ. ಸಣ್ಣಕ್ಕ ಪ್ರತಿಸಲವೂ ಬೆನ್ನು ಹಾಕಿ ಕೂತಿದ್ದಳು. ಒಂಬತ್ತು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಸುಬ್ಬಮ್ಮ ಮಣ್ಣಿಗೂ ಬರಲಿಲ್ಲ, ಗಂಡ ಕಳಿಸಿರಲಿಲ್ಲ. ಮಾರನೆಯ ದಿನ ಅಳುತ್ತ ಬಂದವಳಿಗೆ ಸಣ್ಣಕ್ಕ ಬಾಗಿಲಲ್ಲೇ ಹೇಳಿದ್ದಳು: "ಅವ್ವ ನಿನ್ನೆಸರೇ ಎತ್ನಿಲ್ಲ." ಅದು ಸುಳ್ಳು. ಸಣ್ಣಕ್ಕನೊಬ್ಬಳಿಗೇ ಗೊತ್ತಿದ್ದ ಸುಳ್ಳು.

ಸಣ್ಣಕ್ಕ ಈಗ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಮಂಡಿ ಹಿಡಿದುಕೊಂಡು ಎದ್ದು, ನಿಧಾನವಾಗಿ ರಸ್ತೆ ದಾಟಿದಳು.

"ಏನು ಬೇಕಕ್ಕಾ ನಿಂಗೆ?"

"ಏನೂ ಬ್ಯಾಡ ಕಣೇ. ನಂಗೂ ವಯಸ್ಸಾಯ್ತು." ಸುಬ್ಬಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ವ ಕಡೇಲಿ ನಿಜವಾಗ್ಲೂ ನನ್ನ ಕೇಳ್ನಿಲ್ವಾ?"

ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ಸುಬ್ಬಿ ಬಂದ್ಲಾ, ಸುಬ್ಬಿ ಬಂದ್ಲಾ ಅಂತ ಮೂರು ಕಿತ ಕೇಳ್ತು. ನಾನೇ ಮುಚ್ಚಿಟ್ಬುಟ್ಟೆ. ಕ್ವಾಪಕ್ಕೆ."

ಸುಬ್ಬಮ್ಮ ತಂಗಿಯ ಮುಖವನ್ನೇ ನೋಡಿದಳು. ಬೈಯಲಿಲ್ಲ, ಕೈ ಹಿಡಿಯಲೂ ಇಲ್ಲ.

"ಒಂಬತ್ ವರ್ಸ ಕಣೇ, ಸಣ್ಣೀ."

ಬಸ್ಸು ನಿಂತಿತು. ಕಂಬಿ ಹಿಡಿದು ಹತ್ತಿ, ಸುಬ್ಬಮ್ಮ ಕಿಟಕಿಯ ಪಕ್ಕ ಕೂತಳು. ಸಣ್ಣಕ್ಕ "ಅಕ್ಕಾ" ಎಂದು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಸುಬ್ಬಮ್ಮ ಹಾಗೆ ಹೊರಟುಹೋದದ್ದು ಕಾರ್ತೀಕದ ಕಡೆಯ ಸೋಮವಾರ. ಮುಂದಿನ ವಾರ ಹೊಂಗೆಮರದ ಕೆಳಗೆ ಬಂದು ನಿಲ್ಲಲು ಅವಳಿಗೆ ಪೂಜೆಯ ನೆಪವೂ ಇರಲಿಲ್ಲ.