ಕಂಚಿನ ಕುದುರೆಯ ಕಲಾಕರ್ಷಣ

ತರೀಕೆರೆಯ ಆಗಮಪಂಡಿತ ದತ್ತಾತ್ರಿ ಶಾಸ್ತ್ರಿಗಳು ಅಜ್ಜಂಪುರದ ಸರೋಜಮ್ಮನವರ ನಡುಮನೆಗೆ ಕಾಲಿಟ್ಟಾಗ ಕಿಟಕಿಯ ಬಿಸಿಲಿನಲ್ಲಿ ಆ ಕುದುರೆ ಹೊಳೆಯುತ್ತಿತ್ತು. ಒಂದು ಮೊಳದೆತ್ತರ, ಎತ್ತಿದ ಮುಂಗಾಲು, ಅರಳಿದ ಹೊಳ್ಳೆ, ಕೊರಳುದ್ದಕ್ಕೂ ಉಬ್ಬಿದ ನರ. ಸರೋಜಮ್ಮನ ಮಾವನ ಅಜ್ಜನಿಗೆ, ಸ್ವದೇಶಕ್ಕೆ ಮರಳುತ್ತಿದ್ದ ಫ್ರೆಂಚ್ ದೊರೆಯೊಬ್ಬ ಕೊಟ್ಟುಹೋದ ಕಂಚು ಅದು. ಅಂದಿನಿಂದ ಪ್ರತಿ ಶನಿವಾರ ನೆನೆಹಾಕಿದ ಹುರುಳಿಯ ಬಟ್ಟಲನ್ನು ಅದರ ಮುಂದಿಡುವುದು ಆ ಮನೆಯಲ್ಲಿ ತಪ್ಪಿರಲಿಲ್ಲ.

"ಪ್ಯಾರಿಸ್ಸಿನದು ಸಾರ್, ನೂರೈವತ್ತು ವರ್ಷದ್ದು. ಪೀಠದ ಮೇಲೆ ಶಿಲ್ಪಿಯ ರುಜು ಇದೆ ನೋಡಿ," ಎಂದ ಧರ್ಮೇಶ. ಹಳೆಯ ಲೋಹಶಿಲ್ಪಗಳನ್ನು ಸಂಗ್ರಹಿಸುವ ಅವನು ಅದನ್ನು ಕಡೂರಿಗೆ ಒಯ್ಯಲು ಕಾರು ತಂದಿದ್ದ.

"ನನ್ನ ನಂತರ ಹುರುಳಿ ನೆನೆಹಾಕೋರು ಯಾರೂ ಇಲ್ಲ, ಕೊಡ್ತೀನಿ. ಆದ್ರೆ ಒಳಗಿರೋದನ್ನ ಇಳಿಸಿ ಬೇರೆ ಕಡೆ ಕೂರಿಸಿಕೊಡಿ ಶಾಸ್ತ್ರಿಗಳೇ. ಅದು ಹಸ್ಕೊಂಡು ಅಲೀಬಾರ್ದು," ಎಂದರು ಸರೋಜಮ್ಮ.

"ಒಳಗೇನಿದೆ ಅಜ್ಜಿ, ಪೊಳ್ಳು!" ಧರ್ಮೇಶ ಕುದುರೆಯ ಹೊಟ್ಟೆ ತಟ್ಟಿ ನಕ್ಕ.

ಶಾಸ್ತ್ರಿಗಳ ಮನಸ್ಸೂ ಅದನ್ನೇ ಹೇಳಿತು. ಪ್ರತಿಷ್ಠೆಯೇ ಆಗದ ಗೊಂಬೆಯಲ್ಲಿ ಚೈತನ್ಯ ಎಲ್ಲಿಂದ ಬರಬೇಕು? ಆದರೂ ವೃದ್ಧೆಯ ಸಮಾಧಾನಕ್ಕೆಂದು ನೀರು ತುಂಬಿದ ತಾಮ್ರದ ಕಲಶವನ್ನಿಟ್ಟು, ಕುದುರೆಯ ಎದೆಯಿಂದ ಕಲಶದ ಬಾಯಿಗೆ ದರ್ಭೆ ಹಾಸಿ, ಬಿಂಬದ ಚೈತನ್ಯವನ್ನು ನೀರಿಗೆ ಇಳಿಸುವ ಕಲಾಕರ್ಷಣವನ್ನು ಆರಂಭಿಸಿದರು. ಇಳಿದುದನ್ನು ನೆಲೆಗೊಳಿಸಲು ಮತ್ತೊಂದು ಬಿಂಬ ಸಿದ್ಧವಿರಬೇಕೆಂಬುದು ವಿಧಿ. ಅದನ್ನು ಅವರು ತಂದಿರಲಿಲ್ಲ. ಮಂತ್ರಗಳನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದರು.

ಕೊನೆಯ ಮಂತ್ರಕ್ಕೆ ದರ್ಭೆ ಬೆಚ್ಚಗಾಯಿತು. ಗಾಳಿಯಾಡದ ಆ ಕೋಣೆಯಲ್ಲಿ, ಯಾವುದೋ ತುಟಿ ತಾಗಿದಂತೆ, ಕಲಶದ ನೀರು ಉಂಗುರ ಉಂಗುರವಾಗಿ ನಡುಗಿತು.

"ಇಳೀತು ಕಣ್ರೀ," ಎಂದರು ಸರೋಜಮ್ಮ ಮೆಲ್ಲಗೆ. "ಎಲ್ಲಿ ಕೂರಿಸ್ತೀರಿ?"

"ಬಾವಿಗೆ ಬಿಟ್ಟರಾಯಿತು ತಾಯಿ."

"ಬಾವಿಗಾ? ಓಡೋ ಪ್ರಾಣಿ ಶಾಸ್ತ್ರಿಗಳೇ ಅದು!"

ಧರ್ಮೇಶ ಮತ್ತೆ ನಕ್ಕ. ತಾವು ಅಳುಕಿರುವುದನ್ನು ಅವನೆಲ್ಲಿ ಕಂಡುಬಿಡುವನೋ ಎಂದು ಶಾಸ್ತ್ರಿಗಳು ಕಲಶವನ್ನೇ ಎತ್ತಿ ಗಟಗಟನೆ ಕುಡಿದುಬಿಟ್ಟರು. "ನೋಡಿ, ಬರಿಯ ನೀರು."

ಧರ್ಮೇಶ ಕುದುರೆಯನ್ನು ಎತ್ತಲು ಹೋಗಿ ಬೆಚ್ಚಿದ. "ಮೊನ್ನೆ ಇಬ್ರು ಸೇರಿ ಎತ್ತಿದ್ವಲ್ಲ ಇದನ್ನ!" ಈಗ ಅದು ಒಂದೇ ಕೈಗೆ ಬಂದಿತ್ತು. ಕೊರಳಿನ ನರಗಳು ಬರಿಯ ಗೀರುಗಳಾಗಿದ್ದವು.

ತರೀಕೆರೆಯ ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದರೂ ಶಾಸ್ತ್ರಿಗಳು ನಿಂತೇ ಬಂದರು. ಮರುದಿನ ಮಧ್ಯಾಹ್ನ ಅವರ ಹೆಂಡತಿ, "ಇದೇನ್ರೀ, ನಿಂತ್ಕೊಂಡೇ ನಿದ್ದೆ ಮಾಡ್ತಿದೀರಾ?" ಎಂದು ಕೂಗಿ ಎಬ್ಬಿಸಬೇಕಾಯಿತು. ಜಪಕ್ಕೆ ಕೂರಲು ಹೋದರೆ ಮಂಡಿ ಮಡಚಲಿಲ್ಲ. ಗಾಯತ್ರಿಯ ನಡುವೆ ಉಸಿರು ಮೂಗಿನಿಂದ ಬುಸುಗುಟ್ಟಿ ಹೊರಟಿತು.

ಶನಿವಾರ ಬೆಳಿಗ್ಗೆ ಸರೋಜಮ್ಮ ತಾವೇ ಬಂದರು. ಬಾಗಿಲಲ್ಲಿ ನಿಂತಿದ್ದ ಶಾಸ್ತ್ರಿಗಳನ್ನು ಒಮ್ಮೆ ನೋಡಿದರು. ನೆನೆದ ಹುರುಳಿಯ ಬಟ್ಟಲನ್ನು ಜಗಲಿಯ ಮೇಲಿಟ್ಟರು.

"ನಾನಿರೋ ತನಕ ವಾರವಾರ ಬರ್ತೀನಿ," ಎಂದರು.

ಮುಟ್ಟಬಾರದೆಂದು ಶಾಸ್ತ್ರಿಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡರು. ಕೈಗಳು ಅಲ್ಲಿಯೇ ಇದ್ದವು. ಕೊರಳು ಬಟ್ಟಲಿನತ್ತ ಬಾಗಿತು.