ಮುಖಕ್ಕೆ ಫಿನಿಶಿಂಗ್

ಈ ವರ್ಷ ಶಾಲೆಯ ಚಿತ್ರಕಲಾ ಪ್ರದರ್ಶನಕ್ಕೆ ಹೆಡ್‌ಮೇಡಂ ಕೊಟ್ಟ ವಿಷಯ 'ಮಾಧ್ಯಮ ಮತ್ತು ಯುವಜನ'. ಹೋದ ವರ್ಷವೂ ಹೆಚ್ಚುಕಡಿಮೆ ಅದೇ ಇತ್ತು. ಡ್ರಾಯಿಂಗ್ ಮಿಸ್ ತಲೆ ಚಚ್ಚಿಕೊಳ್ಳಲಿಲ್ಲ, ಅದಕ್ಕೂ ತ್ರಾಣ ಬೇಕಲ್ಲ. ಮಕ್ಕಳು ಏನು ಬಿಡಿಸುತ್ತಾರೆಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು: ಫೋನಿಗೆ ಸರಪಳಿ, ಸರಪಳಿಗೆ ಹುಡುಗ, ಹುಡುಗನ ಕಣ್ಣಲ್ಲಿ ನೀರು. ಆ ಹುಡುಗ ಪಾಪ ಪ್ರತಿ ವರ್ಷ ಅಳುತ್ತಾನೆ. ಬಿಡಿಸಿದವರು ಗಂಟೆ ಹೊಡೆದ ಕೂಡಲೇ ಫೋನ್ ಹಿಡಿದು ಓಡುತ್ತಾರೆ.

ಬೇರೆ ಏನಾದರೂ ಮಾಡಿದವಳು ಬಂಗಾರಿ ಒಬ್ಬಳೇ. ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು, ಯಾರಿಗೆ ಬೇಕು ಅದು? ಮಗಳು ತೊದಲುವ ಕಾಲದಿಂದ ಅವಳಮ್ಮ ವಿಡಿಯೊ ಹಾಕುತ್ತಲೇ ಬಂದಿದ್ದರು. ಬಂಗಾರಿ ಎದ್ದಳು, ಬಂಗಾರಿ ಹಲ್ಲುಜ್ಜಿದಳು, ಬಂಗಾರಿ ಮುನಿಸಿಕೊಂಡಳು. ಈಗ ಹುಡುಗಿ ಎದೆಯುದ್ದ ಬೆಳೆದಿದ್ದಾಳೆ, ಅಂಗಡಿಯವರೂ ಬಸ್ಸಿನವರೂ ಇನ್ನೂ ಬಂಗಾರಿ ಎಂದೇ ಕೂಗುತ್ತಾರೆ.

ಅವಳು ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ಅದರ ಮೇಲೆ ಅಂಗಾತ ಮಲಗಿ, ಗೆಳತಿಯ ಕೈಲಿ ಮೈಸುತ್ತ ಪೆನ್ಸಿಲ್ ಗೆರೆ ಎಳೆಸಿಕೊಂಡಳು. ವಿಡಿಯೊಗಳ ಕೆಳಗೆ ಜನ ಬರೆದ ಮಾತುಗಳನ್ನು ಆ ಗೆರೆಯ ಒಳಗೆ ಸಣ್ಣಕ್ಷರದಲ್ಲಿ ತುಂಬಿದಳು. ಹೊಟ್ಟೆಯ ಜಾಗದಲ್ಲಿ 'ದಪ್ಪಗಾದಳು', ತೋಳಿನ ಮೇಲೆ 'ಚಿಕ್ಕವಳಿದ್ದಾಗಲೇ ಮುದ್ದಾಗಿದ್ದಳು'. ಮುಖವನ್ನು ಮಾತ್ರ ಬಿಳಿಯಾಗಿಯೇ ಬಿಟ್ಟಳು.

"ಮಿಸ್, ಮುಖ ಹೀಗೇ ಇರ್ಲಿ. ಅಮ್ಮ ನೋಡ್ಲಿ ಅಂತಾನೇ ಮಾಡಿದ್ದು. ವಿಡಿಯೊ ಸಾಕು ಅಂತ ಬಾಯಲ್ಲಿ ಹೇಳಿದ್ರೆ ಅದನ್ನೂ ವಿಡಿಯೊ ಮಾಡ್ಬಿಡ್ತಾಳೆ."

"ಹೂಂ ಕಣೇ, ಆಯ್ತು," ಅಂದರು ಮಿಸ್. ಒಂದು ಕಿವಿಯಲ್ಲಿ ಇವಳ ಮಾತು, ಇನ್ನೊಂದರಲ್ಲಿ ಹಿಂದಿನ ಬೆಂಚಿನ ಕುಸ್ತಿ. ಯಾವುದೂ ಪೂರ್ತಿ ಒಳಗಿಳಿಯಲಿಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪ್ರದರ್ಶನದ ಹಿಂದಿನ ಮಧ್ಯಾಹ್ನ ಡ್ರಾಯಿಂಗ್ ಮಿಸ್ ಎಲ್ಲರ ಚಿತ್ರಕ್ಕೂ 'ಫಿನಿಶಿಂಗ್' ಕೊಡಬೇಕು. ಸೊಟ್ಟ ಮೂಗು ನೆಟ್ಟಗಾಗಬೇಕು, ಹೆತ್ತವರು ಹುಬ್ಬೇರಿಸಬೇಕು, ಹೆಡ್‌ಮೇಡಂ ಬೀಗಬೇಕು. ಹೆಸರು ಮಕ್ಕಳದು, ಸೊಂಟನೋವು ಮಿಸ್ಸಿನದು. ಬಂಗಾರಿಯ ಹಾಳೆ ಕೈಗೆ ಬರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. "ಅಯ್ಯೋ, ಮುಖಾನೇ ಮುಗಿಸಿಲ್ಲ ಈ ಹುಡುಗಿ," ಎಂದು ಗೊಣಗುತ್ತಲೇ ಕುಂಚ ಅದ್ದಿದರು. ಕೈ ತಾನಾಗಿ ಓಡಿತು. ಗುಂಡು ಕೆನ್ನೆ, ಅರ್ಧ ನಗು, ಎಡಗಣ್ಣಿನ ಕೆಳಗೊಂದು ಮಚ್ಚೆ. ಇಷ್ಟು ಚೆನ್ನಾಗಿ ಮುಖ ಬರೆದು ಎಷ್ಟೋ ಕಾಲವಾಗಿತ್ತು. ಆ ಸುಸ್ತಿನಲ್ಲೂ ಅವರಿಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಬಂಗಾರಿ ಗೋಡೆಯ ಮುಂದೆ ಗರಬಡಿದವಳಂತೆ ನಿಂತಳು.

"ಯಾರು ಮಿಸ್ ಇದನ್ನ ಬರೆದಿದ್ದು?"

"ನಾನೇ ಕಣೇ. ನೀನು ಬಿಟ್ಟುಬಿಟ್ಟಿದ್ದೆಯಲ್ಲ, ಅದಕ್ಕೇ..." ಎನ್ನುತ್ತಿದ್ದಂತೆ ತಾವಂದ 'ಹೂಂ' ನೆನಪಾಗಿ ಮಿಸ್ ನಾಲಿಗೆ ಕಚ್ಚಿಕೊಂಡರು.

ಹುಡುಗಿ ಕೂಗಾಡಲಿಲ್ಲ. ತನ್ನ ಬಲಗಣ್ಣಿನ ಕೆಳಗೆ ಬೆರಳಿಟ್ಟಳು. "ನನ್ನ ಮಚ್ಚೆ ಈ ಕಡೆ ಇರೋದು ಮಿಸ್. ಅಮ್ಮನ ಫೋನಲ್ಲಿ ಎಡ ಬಲ ಅದಲುಬದಲಾಗುತ್ತೆ. ವಿಡಿಯೊದಲ್ಲಿ ಮಾತ್ರ ಎಡಗಡೆ." ಮಿಸ್ ಕಡೆ ತಿರುಗಿ ಕೇಳಿದಳು, "ನೀವೂ ನೋಡ್ತೀರಾ?"

ನೋಡುತ್ತಿದ್ದರು. ದಿನವೂ, ಊಟದ ತಟ್ಟೆ ಮುಂದಿಟ್ಟುಕೊಂಡು, ದಣಿವು ಇಳಿಯಲಿ ಎಂದು. ವರ್ಷವಿಡೀ ಮೊದಲ ಬೆಂಚಿನಲ್ಲಿ ಕೂತವಳನ್ನೇ ನೋಡಿರಲಿಲ್ಲ. ನಾಚಿಕೆಯಿಂದ ಅವರ ಮೈ ಹಿಡಿಯಾಯಿತು.

"ತಾಳು, ಬಿಳಿ ಬಣ್ಣ ಬಳಿದು ಮುಚ್ಚಿಬಿಡ್ತೀನಿ," ಎಂದು ಕಪಾಟಿಗೆ ಓಡಿದರು. ಬಣ್ಣ ಹಿಡಿದು ಬರುವಷ್ಟರಲ್ಲಿ ಬಂಗಾರಿಯ ಅಮ್ಮ ಬಂದಾಗಿತ್ತು.

"ಅಯ್ಯೋ, ನನ್ನ ಬಂಗಾರಿ! ಥೇಟ್ ಅವಳೇ!" ಫೋನ್ ಆಗಲೇ ಮೇಲೆದ್ದಿತ್ತು. ಹೊಟ್ಟೆಯ ಮೇಲಿನದೂ ತೋಳಿನ ಮೇಲಿನದೂ ಅವರ ಕಣ್ಣಿಗೇ ಬೀಳಲಿಲ್ಲ. ಅಷ್ಟು ಚೆಂದದ ಮುಖ ಸಿಕ್ಕ ಮೇಲೆ ಉಳಿದದ್ದನ್ನು ಯಾರು ಓದುತ್ತಾರೆ?

"ಅಮ್ಮಾ, ಅದು ನಾನಲ್ಲ. ಮಚ್ಚೆ ತಪ್ಪು ಕಡೆ ಇದೆ, ನೋಡು."

ಅಮ್ಮ ಚಿತ್ರ ನೋಡಿದರು. ಅನುಮಾನ ಬಂದು, ಫೋನಿನಲ್ಲಿ ಹಳೆಯ ವಿಡಿಯೊ ಒಂದನ್ನು ತೆಗೆದು, ಬೆರಳಿನಿಂದ ದೊಡ್ಡದು ಮಾಡಿದರು. ಮತ್ತೆ ಚಿತ್ರ ನೋಡಿದರು, ಮತ್ತೆ ಫೋನ್ ನೋಡಿದರು. ಪಕ್ಕದಲ್ಲೇ ಮಗಳು ಮುಖ ಎತ್ತಿ ಕಾಯುತ್ತ ನಿಂತಿದ್ದಳು.

"ಸರಿಯಾಗೇ ಇದೆಯಲ್ಲೇ," ಅಂದರು ಅಮ್ಮ.