ಗುಬ್ಬಿಗೆ ಯಾವ ಮಿಲಿಟರಿ ಕಾಲೇಜು?

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಹೆತ್ತವರ ಪರೀಕ್ಷೆ ಶುರು. ಬೇಕರಿಯವನ ಮನೆಯಲ್ಲೂ ಹಾಗೇ ಆಯಿತು. ಅವನ ಒಬ್ಬಳೇ ಮಗಳು ಗುಬ್ಬಿ ಚಿಕ್ಕಂದಿನಿಂದ ಎರಡು ಮಾತು ಹೇಳುತ್ತಿದ್ದಳು: ಮಿಲಿಟರಿಗೆ ಸೇರಬೇಕು, ಪ್ರಾಣಿಗಳ ಡಾಕ್ಟರಾಗಬೇಕು. ಅಪ್ಪನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಬನ್ನು ಕಟ್ಟಿಕೊಡುತ್ತ ಬೀದಿಗೆಲ್ಲ ಡಂಗುರ ಸಾರಿದ: "ನನ್ನ ಮಗಳು ದೊಡ್ಡ ಮಿಲಿಟರಿ ಅಕಾಡೆಮಿಗೆ ಹೋಗ್ತಾಳೆ!"

ಮಹಡಿ ಮನೆಯ ಅಕ್ಕ ಸೈನ್ಯದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಸಂಜೆ ಬ್ರೆಡ್ಡಿಗೆ ಬಂದವರು ಕೇಳಿದರು, "ಮಿಲಿಟರಿ ಕಾಲೇಜಲ್ಲೂ ಬೇರೆ ಬೇರೆ ಥರ ಇದೆ, ಗೊತ್ತಲ್ಲ?"

"ಅದರಲ್ಲೇನಕ್ಕಾ ಥರ? ಬೂಟು, ಟೋಪಿ, ಸೆಲ್ಯೂಟು. ಎಲ್ಲಾ ಒಂದೇ."

"ಎಲ್ಲಿ ಒಂದೇ? ನೀನು ಹೇಳೋ ಅಕಾಡೆಮೀಲಿ ಇರೋರೆಲ್ಲ ಸೈನ್ಯಕ್ಕೇ ಬಂದವರು. ಏಳೋದು, ಉಣ್ಣೋದು, ಓದೋದು ಎಲ್ಲ ಅವರ ಕಟ್ಟಲೆ. ಓದು ಮುಗಿದ ಮೇಲೆ ಇಷ್ಟು ವರ್ಷ ಅಂತ ಸೇವೆ ಮಾಡಲೇಬೇಕು. ಇನ್ನೊಂದು ಥರದ್ದು ಮಾಮೂಲಿ ಕಾಲೇಜೇ. ಬೇಕಾದ ವಿಷಯ ಓದ್ತಾ ಜೊತೆಗೆ ಮಿಲಿಟರಿ ತರಬೇತಿ ತಗೋಬಹುದು. ಮಾರ್ಕ್ಸು ಕಮ್ಮಿ ಬಿದ್ದವರನ್ನ ಮೊದಲು ಪಳಗಿಸಿ ಆಮೇಲೆ ದೊಡ್ಡ ಕಾಲೇಜಿಗೆ ಕಳಿಸೋ ಚಿಕ್ಕ ಕಾಲೇಜುಗಳೂ ಇವೆ."

ಬೇಕರಿಯವನು ಮೂಗು ಮುರಿದ. "ಅರ್ಧ ಕಾಲೇಜು, ಅರ್ಧ ಮಿಲಿಟರಿ! ಒಳಗೆ ಬೇಯದ ಬ್ರೆಡ್ಡಿನ ಹಾಗೆ."

"ನಿನ್ನ ಭಟ್ಟೀಲಿ ಬ್ರೆಡ್ಡಿಗೂ ಬಿಸ್ಕತ್ತಿಗೂ ಒಂದೇ ಶಾಖಾನಾ?" ಅಕ್ಕ ನಕ್ಕರು. "ಗುಬ್ಬೀನ ಕರ್ಕೊಂಡು ಹೋಗಿ ಕಣ್ಣಾರೆ ನೋಡಿ ಬಾ."

ಅಂಗಡಿಗೆ ಬೀಗ ಹಾಕಿ ಅಪ್ಪ–ಮಗಳು ಹೊರಟರು. ಅಕಾಡೆಮಿಯ ಮೈದಾನದಲ್ಲಿ ನೂರಾರು ಬೂಟುಗಳು ಒಟ್ಟಿಗೆ ನೆಲ ಮುಟ್ಟುವ ಸದ್ದಿಗೆ ಅವನ ಎದೆ ಉಬ್ಬಿತು. ಸುತ್ತಾಡಿಸಿ ತೋರಿಸುತ್ತಿದ್ದ ಹಿರಿಯ ವಿದ್ಯಾರ್ಥಿನಿಯನ್ನು ಗುಬ್ಬಿ ಮೆಲ್ಲಗೆ ಕೇಳಿದಳು, "ಇಲ್ಲಿ ಪಶುವೈದ್ಯ ಕಲಿಸ್ತಾರಾ?"

"ಇಲ್ಲ ಕಣೇ. ನನಗಂತೂ ಸೈನ್ಯ ಬಿಟ್ಟು ಬೇರೇನೂ ಬೇಡವಾಗಿತ್ತು, ಅದಕ್ಕೇ ಬಂದೆ. ಮೊದಲ ವರ್ಷ ದಿಂಬು ನೆನೆಯೋ ಹಾಗೆ ಅತ್ತಿದ್ದೀನಿ. ಆದರೂ ಬಿಟ್ಟು ಹೋಗಬೇಕು ಅನ್ನಿಸಲಿಲ್ಲ."

ವಾಪಸು ಹೊರಟ ಬಸ್ಸಿನಲ್ಲಿ ಗುಬ್ಬಿ ಕಿಟಕಿಗೆ ಹಣೆ ಆನಿಸಿ ಕೂತಳು. ಅಪ್ಪನೇ ಕೇಳಿದ, "ಯಾಕೆ ಮರಿ, ಹೆದರಿಕೆ ಆಯ್ತಾ?"

"ಹೆದರಿಕೆ ಅಲ್ಲಪ್ಪ. ನಂಗೆ ಎರಡೂ ಬೇಕು. ಸೈನ್ಯದಲ್ಲಿ ಕುದುರೆ, ನಾಯಿಗಳಿಗೂ ಡಾಕ್ಟರು ಇರ್ತಾರಂತೆ. ಆದ್ರೆ ನೀನು ಬೀದಿಗೆಲ್ಲ ಹೇಳಿಬಿಟ್ಟಿದ್ದೀಯ. ಈಗ ಬೇಡ ಅಂದ್ರೆ ನಿನ್ನ ಮುಖ..."

ಬೇಕರಿಯವನಿಗೆ ಆಗ ಅರ್ಥವಾಯಿತು. ಅಪ್ಪನ ಮುಖ ಉಳಿಸಲು ಮಗಳು ತನ್ನ ಆಸೆಯನ್ನೇ ನುಂಗಿಕೊಂಡಿದ್ದಳು! ಹಿಟ್ಟು ನಾದಿ ಒರಟಾದ ಅಂಗೈಯನ್ನು ಅವಳ ತಲೆಯ ಮೇಲಿಟ್ಟ. "ನನ್ನ ಮುಖಕ್ಕೇನೇ? ದಿನಾ ಮೈದಾ ಮೆತ್ಕೊಂಡಿರೋ ಮುಖ. ಆ ಇನ್ನೊಂದು ಕಾಲೇಜನ್ನೂ ನೋಡೋಣ, ನಡಿ."

ಅಲ್ಲಿ ಪಶುವೈದ್ಯವನ್ನೂ ಕಲಿಸುತ್ತಿದ್ದರು. ಇವರು ಹೋದಾಗ ಸಮವಸ್ತ್ರದ ಹುಡುಗಿಯೊಬ್ಬಳು ಕೊಟ್ಟಿಗೆಯಲ್ಲಿ ಕರುವಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಕರು ಕೊಸರಾಡುತ್ತಿತ್ತು. ಯಾರೂ ಹೇಳದೆಯೇ ಗುಬ್ಬಿ ಹೋಗಿ ಅದರ ಕುತ್ತಿಗೆ ಅಪ್ಪಿ ಹಿಡಿದು, ಕಿವಿಯಲ್ಲಿ ಏನೋ ಪಿಸುಗುಟ್ಟುತ್ತ ನಿಂತಳು. ಅಪ್ಪ ಅಲ್ಲಿನ ತರಬೇತಿ ಅಧಿಕಾರಿಯ ಹತ್ತಿರ ಹೋದ. "ಇಲ್ಲೂ ಸೈನ್ಯಕ್ಕೆ ಹೋಗಲೇಬೇಕಾ ಸಾರ್?"

"ನಮ್ಮಲ್ಲಿ ಮೊದಲ ವರ್ಷ ಬರೀ ತರಬೇತಿ, ಬೇಡ ಅನ್ನಿಸಿದ್ರೆ ಬಿಡಬಹುದು. ಆಮೇಲೆ ಒಪ್ಪಂದಕ್ಕೆ ರುಜು ಹಾಕಿದ್ರೆ ಸೇವೆ ಕಟ್ಟಿಟ್ಟ ಬುತ್ತಿ. ಒಂದೊಂದು ಕಡೆ ಒಂದೊಂದು ನಿಯಮ. ಎಲ್ಲೇ ಆಗಲಿ, ಪೂರ್ತಿ ಓದಿಯೇ ರುಜು ಹಾಕಿಸಿ."

ಗುಬ್ಬಿ ಅಲ್ಲೇ ಸೇರಿದಳು. ಅವಳು ಹೊರಟ ದಿನ ಬೇಕರಿಯವನು ಅಂಗಡಿಯ ಒಳಕೋಣೆಯಲ್ಲಿ ನಿಂತು ಅತ್ತು, ಮುಖ ತೊಳೆದು ಹೊರಗೆ ಬಂದ. ಒಂದು ವರ್ಷ ಕಳೆದ ಮೇಲೆ ಅವಳು ತಾನಾಗಿಯೇ ಫೋನು ಮಾಡಿದಳು: "ಅಪ್ಪಾ, ರುಜು ಹಾಕ್ತೀನಿ. ಚೆನ್ನಾಗಿ ಯೋಚನೆ ಮಾಡಿದ್ದೀನಿ."

ಅಪ್ಪಂದಿರೇ, ಅಮ್ಮಂದಿರೇ, ದೂರದಿಂದ ಸಮವಸ್ತ್ರಗಳೆಲ್ಲ ಒಂದೇ ಥರ ಕಾಣುತ್ತವೆ. ಹತ್ತಿರ ಹೋಗಿ ನೋಡಿ. ಏನು ಕಲಿಸುತ್ತಾರೆ, ಎಷ್ಟು ವರ್ಷದ ಸೇವೆ ಕಡ್ಡಾಯ, ನಡುವೆ ಬಿಟ್ಟರೆ ಏನಾಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಅದಕ್ಕೂ ಮೊದಲು, ಇವತ್ತೇ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ಕೇಳಿ: "ನಿನಗೇನು ಬೇಕು ಮರಿ?" ಉತ್ತರ ಬರುವುದು ತಡವಾದರೆ, ಕಾಯಿರಿ.